ಮೇಜರ್ ಅಹ್ಲುವಾಲಿಯಾ ಕಟ್ಟಿದ ಆಸ್ಪತ್ರೆ

ಕೇಳುಗರೆಲ್ಲರಿಗೂ ನಮಸ್ಕಾರ.

2022ರ ಜನವರಿ 14. ನಮ್ಮಲ್ಲಿ ಎಳ್ಳುಬೆಲ್ಲದ ಗಡಿಬಿಡಿ. ಜೊತೆಗೆ ಕೋವಿಡ್ ಮೂರನೇ ಅಲೆಯ ಆತಂಕ. ಈ ಗದ್ದಲದ ನಡುವೆ ಮೇಜರ್ ಹರಿಪಾಲ್ ಸಿಂಗ್ ಅಹ್ಲುವಾಲಿಯಾ ತೀರಿಕೊಂಡರು. ಅವರಿಗೆ 85 ವರ್ಷ. ಅವರ ಹೆಸರು ಬಂದಾಗಲೆಲ್ಲ ಜನ ಮೊದಲು ಹೇಳುವುದು ಎವರೆಸ್ಟ್ ಮಾತು. ಸರಿಯೇ. ಆದರೆ ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಆ ಪರ್ವತದ ಮೇಲೆ ನಡೆದದ್ದಲ್ಲ. ದೆಹಲಿಯ ವಸಂತ ಕುಂಜ್‌ನಲ್ಲಿ, ಗಾಲಿಕುರ್ಚಿಯಲ್ಲಿ ಕೂತು ಮಾಡಿದ್ದು.

ಎವರೆಸ್ಟ್ ವಿಷಯ ಬೇಗ ಹೇಳಿಬಿಡುತ್ತೇನೆ. 1960 ಮತ್ತು 1962ರಲ್ಲಿ ಭಾರತದ ತಂಡಗಳು ತುದಿಯ ಹತ್ತಿರಕ್ಕೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದಿದ್ದವು. 1965ರಲ್ಲಿ ಎಂ.ಎಸ್. ಕೊಹ್ಲಿ ನಾಯಕತ್ವದ ತಂಡ ಗೆದ್ದಿತು. ಒಂಬತ್ತು ಜನ ತುದಿ ಮುಟ್ಟಿದರು. ಕೊನೆಯ ಗುಂಪಿನಲ್ಲಿ ಫು ದೋರ್ಜಿ, ಎಚ್.ಸಿ.ಎಸ್. ರಾವತ್ ಮತ್ತು ಅಹ್ಲುವಾಲಿಯಾ ಇದ್ದರು. ದಿನ ಮೇ 29. ತೇನ್‌ಸಿಂಗ್ ಮತ್ತು ಹಿಲರಿ 1953ರಲ್ಲಿ ಹತ್ತಿದ್ದೂ ಅದೇ ದಿನ. ಇಡೀ ದೇಶ ಸಂಭ್ರಮಿಸಿತು. ಅರ್ಜುನ ಪ್ರಶಸ್ತಿ ಬಂತು, ಪದ್ಮಶ್ರೀ ಬಂತು.

ಅದೇ ವರ್ಷ ಪಾಕಿಸ್ತಾನದ ಜೊತೆ ಯುದ್ಧ. ಮೂವತ್ತು ಕೂಡ ತುಂಬದ ಈ ಸೇನಾಧಿಕಾರಿಯ ಬೆನ್ನುಹುರಿಗೆ ಗುಂಡು ತಗುಲಿತು. ಎವರೆಸ್ಟ್ ಹತ್ತಿದ ಕಾಲುಗಳು ಮುಂದೆ ಹೆಜ್ಜೆ ಇಡಲಿಲ್ಲ.

ಅವರನ್ನು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಕಳಿಸಿದರು. ಈ ಆಸ್ಪತ್ರೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ವೈದ್ಯ ಲುಡ್ವಿಗ್ ಗುಟ್ಮನ್ 1944ರಲ್ಲಿ ಅಲ್ಲಿ ಬೆನ್ನುಹುರಿ ವಿಭಾಗ ಶುರು ಮಾಡಿದರು. ಅಲ್ಲಿಯವರೆಗೆ ಇಂಥ ಸೈನಿಕರ ಕಥೆ ಮುಗಿದ ಹಾಗೇ ಲೆಕ್ಕ. ಆದರೆ ಬಹಳಷ್ಟು ಜನರನ್ನು ಕೊಲ್ಲುತ್ತಿದ್ದದ್ದು ಗುಂಡಲ್ಲ. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು.

ಹಾಸಿಗೆ ಹುಣ್ಣು ಹೇಗೆ ಬರುತ್ತದೆ ಗೊತ್ತಾ? ನಾವು ನಿದ್ದೆಯಲ್ಲೂ ಹೊರಳುತ್ತಿರುತ್ತೇವೆ. ಒಂದು ಕಡೆ ಭಾರ ಬಿದ್ದರೆ ನೋಯುತ್ತದೆ, ಮೈ ತಾನಾಗೇ ಮಗ್ಗುಲು ಬದಲಿಸುತ್ತದೆ. ಬೆನ್ನುಹುರಿ ಹೋದವರಿಗೆ ಆ ನೋವೇ ತಿಳಿಯುವುದಿಲ್ಲ. ಹಿಮ್ಮಡಿ, ಸೊಂಟದ ಮೂಳೆ, ಬೆನ್ನಿನ ಬುಡ ಮೊದಲು ಕೆಂಪಗಾಗುತ್ತವೆ. ಆಮೇಲೆ ಚರ್ಮ ಕಿತ್ತು ಬರುತ್ತದೆ, ಹುಣ್ಣು ಮೂಳೆಯವರೆಗೂ ಇಳಿಯುತ್ತದೆ. ಗುಟ್ಮನ್ ಕಂಡುಕೊಂಡ ಮದ್ದು ಏನು? ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿ, ರೋಗಿಯನ್ನು ಹೊರಳಿಸುವುದು. ಅಷ್ಟೇ! ಕೇಳೋಕೆ ಸುಲಭ. ಮಾಡಿದವರಿಗೆ ಗೊತ್ತು ಅದರ ಕಷ್ಟ.

ಜೊತೆಗೆ ಅವರು ರೋಗಿಗಳನ್ನು ಆಟಕ್ಕೂ ಇಳಿಸಿದರು. 1948ರಲ್ಲಿ, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಆಸ್ಪತ್ರೆ ಅಂಗಳದಲ್ಲಿ 16 ಜನರ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟರು. ಅದೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು. 1965ರ ಯುದ್ಧದಲ್ಲೇ ಬೆನ್ನಿಗೆ ಗುಂಡು ತಿಂದ ಮುರಳೀಕಾಂತ್ ಪೇಟ್ಕರ್, 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. ಪೇಟ್ಕರ್ ಮತ್ತು ಅಹ್ಲುವಾಲಿಯಾ ಇಬ್ಬರೂ ಸೇನೆಯ ಒಂದೇ ವಿಭಾಗದವರು, ಇಎಂಇ, ಅಂದರೆ ಸೇನೆಯ ಯಂತ್ರ, ಉಪಕರಣಗಳನ್ನು ನೋಡಿಕೊಳ್ಳುವ ಎಂಜಿನಿಯರಿಂಗ್ ವಿಭಾಗ.

ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಅಹ್ಲುವಾಲಿಯಾ ಕಂಡಂಥ ಆರೈಕೆ ಆಗ ನಮ್ಮ ಸಾಮಾನ್ಯ ಜನಕ್ಕೆ ಎಲ್ಲಿ ಸಿಗಬೇಕು? ವರ್ಷಗಟ್ಟಲೆ ಓಡಾಡಿ, ಇಟಲಿ ಸರ್ಕಾರದ ನೆರವೂ ಪಡೆದು, ಅವರು ವಸಂತ ಕುಂಜ್‌ನಲ್ಲಿ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಅನ್ನುವ ಬೆನ್ನುಹುರಿ ಆಸ್ಪತ್ರೆ ಕಟ್ಟಿದರು. ಅದರ ಅಧ್ಯಕ್ಷರಾದರು. ಶಸ್ತ್ರಚಿಕಿತ್ಸೆ ಅಲ್ಲಿ ಆಗುತ್ತದೆ, ನಿಜ. ಆದರೆ ಇಂಥ ಕಡೆ ಅಸಲಿ ಕೆಲಸ ಶುರುವಾಗುವುದೇ ಅದಾದ ಮೇಲೆ. ಹಾಸಿಗೆಯಿಂದ ಗಾಲಿಕುರ್ಚಿಗೆ ತೋಳಿನ ಬಲದಲ್ಲೇ ದಾಟುವುದು. ಕೂತಲ್ಲೇ ಕೈಯೂರಿ ಆಗಾಗ ಮೈ ಎತ್ತುವುದು, ಇಲ್ಲದಿದ್ದರೆ ಮತ್ತೆ ಅದೇ ಹುಣ್ಣು. ಹೊತ್ತು ಹೊತ್ತಿಗೆ ತಾನೇ ನಳಿಕೆ ಹಾಕಿ ಮೂತ್ರ ತೆಗೆಯುವುದು. ನಾಲ್ಕು ಜನರೆದುರು ಇದನ್ನೆಲ್ಲ ಮಾತಾಡಲು ನಮಗೆ ಸಂಕೋಚ. ಆ ಬದುಕನ್ನೇ ಬದುಕುತ್ತಿದ್ದ ಅಧ್ಯಕ್ಷರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ, ಅಲ್ವಾ? ಫಿಸಿಯೋಥೆರಪಿ ಕಲಿಸುವ ಕಾಲೇಜು ಕೂಡ ಅಲ್ಲಿ ಬಂತು. ಅದು ಬಹಳ ಜಾಣತನದ ಕೆಲಸ ಅನ್ನಿಸುತ್ತದೆ ನನಗೆ. ಕಟ್ಟಡಕ್ಕಿಂತ ಕಲಿತ ಕೈಗಳದ್ದೇ ಕೊರತೆ ಜಾಸ್ತಿ. 2002ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಇದೆಲ್ಲ ದೆಹಲಿ ಮಾತಾಯಿತು. ನಮ್ಮ ಮಲೆನಾಡು, ಕರಾವಳಿ ಕಡೆಯವರಿಗೆ ಗೊತ್ತು, ಬೆನ್ನುಹುರಿ ಮುರಿಯಲು ಗುಂಡೇ ಬೇಕಾಗಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಹೊಡೆಯಲು ಹತ್ತಿದವರು ಜಾರುತ್ತಾರೆ. ಕೆಳಗಿದ್ದವರು ಓಡಿ ಬಂದು, ಒಬ್ಬರು ರಟ್ಟೆ ಹಿಡಿದು ಇನ್ನೊಬ್ಬರು ಕಾಲು ಹಿಡಿದು, ಜೀಪಿನ ಹಿಂದಿನ ಸೀಟಿಗೆ ತುರುಕುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಅರ್ಧ ಉಳಿದಿದ್ದ ಹುರಿ ಆ ಎಳೆದಾಟದಲ್ಲೇ ಪೂರ್ತಿ ಹೋಗಬಹುದು.

ಹಾಗೆ ಯಾರಾದರೂ ಬಿದ್ದರೆ, ಕೂರಿಸಬೇಡಿ, ನಿಲ್ಲಿಸಬೇಡಿ. ಸುಮ್ನೆ ಇದ್ದಲ್ಲೇ ಮಲಗಿರಲಿ. 108ಕ್ಕೆ ಫೋನ್ ಮಾಡಿ. ಎತ್ತಲೇಬೇಕಾಗಿ ಬಂದರೆ ಮೂರು ನಾಲ್ಕು ಜನ ಸೇರಿ. ಒಬ್ಬರು ತಲೆ ಮತ್ತು ಕುತ್ತಿಗೆ ಅಲುಗದಂತೆ ಹಿಡಿಯಿರಿ. ಉಳಿದವರು ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೇ ಹೊರಳಿಸಿ, ಅಗಲವಾದ ಹಲಗೆಯ ಮೇಲೆ ತನ್ನಿ. ಹಲಗೆ ಇಲ್ಲವೇ? ಮನೆಯ ಒಂದು ಬಾಗಿಲು ಕಳಚಿಕೊಂಡು ಬಂದರೂ ಆದೀತು.

ನಮಸ್ಕಾರ.