ಕೂರೇಶರ ಕಣ್ಣು

ಎಲ್ಲರಿಗೂ ನಮಸ್ಕಾರ. ಶರಣಾಗತಿಯ ಬಗ್ಗೆ ಮಾತಾಡಿ ಅಂದರು ಕಾರ್ಯದರ್ಶಿಗಳು. ಮೈಕಿನ ಮುಂದೆ ಅದೇನು ಕಷ್ಟವಿಲ್ಲ. ನಮ್ಮ ತಂದೆ ಹನ್ನೊಂದು ದಿನ ಐಸಿಯುನಲ್ಲಿದ್ದಾಗ ಮಾತ್ರ ನನಗೆ ಒಂದು ಶ್ಲೋಕವೂ ಬಾಯಿಗೆ ಬರಲಿಲ್ಲ. ಹೊರಗೆ ಸ್ಟೀಲ್ ಬೆಂಚಿನ ಮೇಲೆ ಅಮ್ಮ ಕೂತಿದ್ದರು, ಮಡಿಲಲ್ಲಿ ಅಪ್ಪನ ಕನ್ನಡಕ. ನೋಡಲು ಬಂದ ನೆಂಟರೊಬ್ಬರು "ಎಲ್ಲ ಭಗವಂತನ ಇಚ್ಛೆ, ಧೈರ್ಯ ತಗೊಳ್ಳಿ" ಅಂದರು. ಅಮ್ಮ ತಲೆ ಎತ್ತದೆಯೇ, "ಆ ಮಾತು ನಾನು ಹೇಳಬೇಕಾದ್ದು, ನೀವಲ್ಲ" ಅಂದುಬಿಟ್ಟರು.

ಆವತ್ತು ನನಗೆ ಮುಜುಗರವಾಯಿತು. ಆಮೇಲೆ ಕೂರೇಶರ ಕತೆಗೆ ಮತ್ತೆ ಹೋದಾಗ, ಅಮ್ಮ ಶುದ್ಧ ಶ್ರೀವೈಷ್ಣವ ಸಂಪ್ರದಾಯವನ್ನೇ ಆಡಿದ್ದರು ಅನ್ನಿಸಿತು.

ಕೂರೇಶರು, ಅಂದರೆ ಕೂರತ್ತಾಳ್ವಾನರು, ಕಂಚಿಯ ಹತ್ತಿರದ ಕೂರಂ ಊರಿನ ದೊಡ್ಡ ಶ್ರೀಮಂತರು. ಎಲ್ಲ ದಾನ ಮಾಡಿ ಹೆಂಡತಿ ಆಂಡಾಳಮ್ಮನ ಜೊತೆ ಶ್ರೀರಂಗಕ್ಕೆ ನಡೆದರು. ರಾತ್ರಿ, ಕಾಡುದಾರಿ. ಆಕೆ "ಭಯವಿದೆಯೇ?" ಎಂದು ಕೇಳಿದರಂತೆ. "ಕೈಯಲ್ಲಿ ಏನಾದರೂ ಇದ್ದರೆ ತಾನೇ ಭಯ" ಎಂದರು ಇವರು. ಗಂಡ ಉಣ್ಣಲಿ ಎಂದು ಆಕೆ ಒಂದು ಚಿನ್ನದ ಬಟ್ಟಲು ಬಚ್ಚಿಟ್ಟುಕೊಂಡಿದ್ದರು. ಅದೂ ಪೊದೆಗೆ ಹೋಯಿತು.

ಮುಂದೆ ಚೋಳರಾಜನ ಕಾಟ. ಯಾವ ಚೋಳ ಎಂಬ ಜಗಳವನ್ನು ಇತಿಹಾಸಕಾರರಿಗೆ ಬಿಡೋಣ. ತಮ್ಮ ಗುರು ರಾಮಾನುಜರನ್ನು ಹಿಡಿಯಲು ಭಟರು ಬರುತ್ತಾರೆಂದು ತಿಳಿದು, ಕೂರೇಶರು ಗುರುವಿನ ಕಾವಿ ತೊಟ್ಟು ತಾವೇ ಆಸ್ಥಾನಕ್ಕೆ ಹೋದರು. ಬಿಳಿ ಬಟ್ಟೆ ಉಟ್ಟ ರಾಮಾನುಜರು ಪಶ್ಚಿಮಕ್ಕೆ, ನಮ್ಮ ಹೊಯ್ಸಳ ಸೀಮೆಗೆ ಬಂದರು; ಮೇಲುಕೋಟೆಯ ವೈಭವ ಅಲ್ಲಿಂದ ಶುರು. ಗಮನಿಸಿ, ಶರಣಾಗತಿಯ ಆಚಾರ್ಯರೇ ಪ್ರಾಣ ಉಳಿಸಿಕೊಳ್ಳಲು ಊರು ಬಿಟ್ಟರು. ದೇವರನ್ನು ನಂಬಿದವನು ಡಾಕ್ಟರ ಹತ್ತಿರ ಯಾಕೆ ಹೋಗಬೇಕು ಎನ್ನುವವರಿಗೆ ಇಷ್ಟು ಸಾಕು.

ಆಸ್ಥಾನದಲ್ಲಿ ಕೂರೇಶರ ಕಣ್ಣು ಹೋಯಿತು. ಜೊತೆಗಿದ್ದ, ರಾಮಾನುಜರಿಗೇ ಗುರುವಾದ ವೃದ್ಧ ಮಹಾಪೂರ್ಣರ ಕಣ್ಣನ್ನೂ ಕೀಳಿಸಿದರು. ಹಿಂದಿರುಗುವಾಗ ಮಹಾಪೂರ್ಣರು ದಾರಿಯಲ್ಲೇ ಕೂತುಬಿಟ್ಟರು. ಶ್ರೀರಂಗ ಇನ್ನೇನು ದೂರವಿಲ್ಲ, ಹೇಗಾದರೂ ತಲುಪೋಣ ಎಂದರೆ ಒಪ್ಪಲಿಲ್ಲ. ಇಂಥ ಊರಲ್ಲೇ ಸಾಯಬೇಕು ಎಂದು ನಾನು ಹಟ ಹಿಡಿದರೆ, ಅಲ್ಲಿಗೆ ತಲುಪಲಾಗದ ಉಳಿದವರು ಎದೆ ಒಡೆದುಕೊಳ್ಳುತ್ತಾರೆ ಎಂದರಂತೆ. ಕೂರೇಶರ ತೊಡೆಯ ಮೇಲೆ ತಲೆಯಿಟ್ಟು ಅಲ್ಲೇ ಪ್ರಾಣಬಿಟ್ಟರು.

ಸಂಪ್ರದಾಯ ಹೇಳುವಂತೆ ಹನ್ನೆರಡು ವರ್ಷದ ಮೇಲೆ ರಾಮಾನುಜರು ಶ್ರೀರಂಗಕ್ಕೆ ಮರಳಿದರು. ಕಣ್ಣಿಲ್ಲದ ಶಿಷ್ಯನನ್ನು ಅಪ್ಪಿಕೊಂಡು ಅತ್ತರು. ಕೂರೇಶರು ತಾವೇ ಗುರುವಿಗೆ ಸಮಾಧಾನ ಹೇಳಿದರು: ಯಾವುದೋ ಭಾಗವತನ ನಾಮ ಸೊಟ್ಟಗಿದೆ ಎಂದು ಎಂದೋ ಮನಸ್ಸಲ್ಲಿ ಅಂದುಕೊಂಡಿರಬೇಕು, ಅದರ ಫಲ. ಇಲ್ಲಿ ರಾಮಾನುಜರು ಏನೆನ್ನಬಹುದಿತ್ತು? "ಹೌದಪ್ಪ, ಕರ್ಮ" ಅನ್ನಬಹುದಿತ್ತು, ನಾವೆಲ್ಲ ಸಾವಿನ ಮನೆಯಲ್ಲಿ ಕಾಫಿ ಕುಡಿಯುತ್ತಾ ಅನ್ನುವ ಹಾಗೆ. ಅವರು ಅಂದದ್ದು ಬೇರೆ: ನಿನಗೆಲ್ಲಿಯ ಪಾಪ, ನನ್ನ ಪಾಪ ನಿನ್ನನ್ನು ಹೀಗೆ ಮಾಡಿತು. ಕೂರೇಶರು ತಮ್ಮ ನೋವಿಗೆ ತಾವು ಕಾರಣ ಕೊಟ್ಟುಕೊಂಡರು, ಸರಿ. ಅದಕ್ಕೆ ತಲೆದೂಗಲು ಗುರುವಿಗೇ ಮನಸ್ಸು ಬರಲಿಲ್ಲ. ಹಾಗಿರುವಾಗ ಬೆಂಚಿನ ಮೇಲೆ ಕೂತವಳ ಮುಂದೆ ದೇವರ ಇಚ್ಛೆಯನ್ನು ವಿವರಿಸಲು ನಾನ್ಯಾರು, ನೀವ್ಯಾರು?

ಗುರು ಅಲ್ಲಿಗೇ ಬಿಡಲಿಲ್ಲ. ಕಂಚಿಯ ವರದರಾಜ ಕೇಳಿದ್ದು ಕೊಡುವವನು, ಹೋಗಿ ಕಣ್ಣು ಕೇಳು ಎಂದು ಆಜ್ಞೆ ಮಾಡಿದರು. ಕೂರೇಶರು ಹೋಗಿ ವರದರಾಜಸ್ತವ ಹಾಡಿದರು. ಏನು ಬೇಕು ಎಂದಾಗ ಕೇಳಿದ್ದು ನಾಲೂರಾನನ ಮೋಕ್ಷವನ್ನು. ತಮ್ಮನ್ನು ರಾಜನ ಕೈಗೆ ಸಿಕ್ಕಿಸಿದ್ದ ಆ ಶಿಷ್ಯನಿಗೆ, ತಮಗೆ ಸಿಗುವ ಗತಿಯೇ ಸಿಗಲಿ ಎಂದು. ಗುರುಗಳು ಮತ್ತೆ ಒತ್ತಾಯಿಸಿದ ಮೇಲೆ ಒಪ್ಪಿದರು, ವರದನನ್ನೂ ಆಚಾರ್ಯರನ್ನೂ ನೋಡುವಷ್ಟು ಕಣ್ಣು ಸಾಕು ಎಂದು.

ಈ ಕತೆಯನ್ನು ಮನೆಯಲ್ಲಿ ಓದಿ ಹೇಳಿದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿಸಿಕೊಂಡರು. ಕೊನೆಗೆ ಒಂದೇ ಮಾತು: "ಆಂಡಾಳಮ್ಮನ ಮುಖವನ್ನೂ ಕೇಳಬಹುದಿತ್ತು ಕಣೋ."