ಅವಸರದ ಮಾತ್ರೆ, ನಿಧಾನದ ಮಾತ್ರೆ

ಕೇಳುಗರಿಗೆಲ್ಲ ನಮಸ್ಕಾರ. ವಯಸ್ಸಾದವರ ಖಿನ್ನತೆ, ಆತಂಕ ಮತ್ತು ಅವಕ್ಕೆ ಕೊಡುವ ಔಷಧಿಗಳ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದಾರೆ. ವಿಷಯ ದೊಡ್ಡದು, ಸಮಯ ಚಿಕ್ಕದು. ಹಾಗಾಗಿ ಒಂದೇ ಒಂದು ಮಾತನ್ನು ಹೇಳುತ್ತೇನೆ, ಬೇಸರವಾಗುವಷ್ಟು ಸಲ ಹೇಳುತ್ತೇನೆ. ರೇಡಿಯೊ ಪಕ್ಕದಲ್ಲಿ ಕುಳಿತಿರುವ ಹಿರಿಯರು ಮಾತ್ರವಲ್ಲ, ಒಳಗೆ ಕೆಲಸ ಮಾಡುತ್ತಾ ಅರ್ಧ ಕಿವಿಯನ್ನು ಇತ್ತ ಕೊಟ್ಟಿರುವ ಮಕ್ಕಳೂ ಸೊಸೆಯಂದಿರೂ ಕೇಳಿಸಿಕೊಳ್ಳಬೇಕು.

ನಾವು ಕೊಡುವ ಮಾತ್ರೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಅವಸರದ ಮಾತ್ರೆ, ಇನ್ನೊಂದು ನಿಧಾನದ ಮಾತ್ರೆ. ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್, ಲೋರಜೆಪಾಮ್, ಡಯಜೆಪಾಮ್ ಇವೆಲ್ಲ ಅವಸರದವು. ನುಂಗಿದ ಸ್ವಲ್ಪ ಹೊತ್ತಿಗೇ ಎದೆಯ ಡವಡವ ಇಳಿಯುತ್ತದೆ, ಕಣ್ಣು ಎಳೆಯುತ್ತದೆ. ಸರ್ಟ್ರಲೀನ್, ಎಸಿಟಲೋಪ್ರಾಮ್‌ನಂಥವು ನಿಧಾನದವು. ಇವುಗಳ ಫಲ ಕಾಣಲು 4ರಿಂದ 6 ವಾರ ಬೇಕು, ವಯಸ್ಸಾದವರಲ್ಲಿ ಕೆಲವೊಮ್ಮೆ 8 ವಾರ, ಅದಕ್ಕಿಂತ ಹೆಚ್ಚೂ ಆಗಬಹುದು. ಖಿನ್ನತೆಯನ್ನು ಬುಡದಿಂದ ಹಿಡಿಯುವುದು ಈ ನಿಧಾನದ ಮಾತ್ರೆ. ಅವಸರದ್ದು ಆ ವಾರಗಳನ್ನು ದಾಟಿಸಲು ಕೊಡುವ ಊರುಗೋಲು, ಅಷ್ಟೆ.

ಆದರೆ ಮನೆಗಳಲ್ಲಿ ಆಗುವುದೇನು? ನಿಧಾನದ್ದನ್ನು ಬಿಡುತ್ತಾರೆ, ಅವಸರದ್ದನ್ನು ಹಿಡಿದುಕೊಳ್ಳುತ್ತಾರೆ. ಸರಿಯಾಗಿ ತಿರುಗುಮುರುಗು!

ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಕತೆ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪತ್ನಿ ತೀರಿಕೊಂಡ ಮೇಲೆ ಅವರಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಹೊಟ್ಟೆಯಲ್ಲಿ ಉರಿ, ಬೆಳಗಿನ ಜಾವ ಎದೆಯಲ್ಲಿ ತಳಮಳ. ಹೃದಯದ ಪರೀಕ್ಷೆ, ಹೊಟ್ಟೆಯ ಪರೀಕ್ಷೆ ಎಲ್ಲವೂ ಆಗಿ, ಎಲ್ಲವೂ ಸರಿಯಾಗಿದೆ ಎಂದು ವರದಿ ಬಂದ ಮೇಲೆ ನನ್ನ ಬಳಿಗೆ ಬಂದರು. ‘ದುಃಖವೇ’ ಎಂದು ಕೇಳಿದರೆ, ‘ಇಲ್ಲ, ಗ್ಯಾಸು’ ಎಂದರು. ವಯಸ್ಸಾದವರ ಖಿನ್ನತೆ ಬಹಳ ಸಲ ಹೀಗೆಯೇ ಬರುತ್ತದೆ. ಕಣ್ಣೀರಿನ ರೂಪದಲ್ಲಿ ಅಲ್ಲ, ನೋವು, ಸುಸ್ತು, ಮರೆವಿನ ರೂಪದಲ್ಲಿ.

ಸರ್ಟ್ರಲೀನನ್ನು ಚಿಕ್ಕ ಪ್ರಮಾಣದಲ್ಲಿ ಶುರು ಮಾಡಿದೆ. ರಾತ್ರಿಗೆ ಕ್ಲೋನಜೆಪಾಮ್, ಎರಡೇ ವಾರಕ್ಕೆ ಎಂದು ಚೀಟಿಯಲ್ಲಿ ಬರೆದೆ. ಮೇಷ್ಟರು ಮನೆಗೆ ಹೋಗಿ ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದು, ಎರಡೂ ಮಾತ್ರೆಗಳಿಗೆ ದಿನವೂ ಅಂಕ ಕೊಡಲು ಶುರು ಮಾಡಿದರು. ಕ್ಲೋನಜೆಪಾಮಿಗೆ ಹತ್ತಕ್ಕೆ ಒಂಬತ್ತು. ಸರ್ಟ್ರಲೀನಿಗೆ ಸೊನ್ನೆ. ಮರುದಿನವೂ ಸೊನ್ನೆ. ಒಂದು ದಿನ ಸ್ವಲ್ಪ ವಾಕರಿಕೆ ಬಂತೆಂದು ಸೊನ್ನೆಗಿಂತಲೂ ಕಡಿಮೆ! ವಾರ ಕಳೆಯುವಷ್ಟರಲ್ಲಿ ಅದನ್ನು ಫೇಲು ಮಾಡಿ ಶಾಲೆಯಿಂದ ಹೊರಗೆ ಹಾಕಿದರು. ಜಾಣ ವಿದ್ಯಾರ್ಥಿಯನ್ನು ಉಳಿಸಿಕೊಂಡರು. ನನ್ನ ಹಳೆಯ ಚೀಟಿಯನ್ನೇ ತೋರಿಸಿ ತಿಂಗಳುಗಟ್ಟಲೆ ಕ್ಲೋನಜೆಪಾಮ್ ತರಿಸಿಕೊಂಡರು. ನನ್ನ ಕಡೆ ತಿರುಗಿ ನೋಡಲಿಲ್ಲ.

ವಯಸ್ಸಾದ ದೇಹ ಇಂಥ ಮಾತ್ರೆಯನ್ನು ಬೇಗ ಹೊರಹಾಕುವುದಿಲ್ಲ. ಯಕೃತ್ತಿನ ಕೆಲಸ ನಿಧಾನವಾಗಿರುತ್ತದೆ, ಔಷಧಿ ಮೈಯ ಕೊಬ್ಬಿನಲ್ಲಿ ಕುಳಿತುಬಿಡುತ್ತದೆ. ನಿನ್ನೆಯದು ಪೂರ್ತಿ ಹೋಗುವ ಮೊದಲೇ ಇಂದಿನದು ಬಂದು ಸೇರುತ್ತದೆ. ಮೇಷ್ಟರು ಹಗಲೂ ತೂಕಡಿಸತೊಡಗಿದರು. ಮೊಮ್ಮಕ್ಕಳ ಹೆಸರು ತಪ್ಪಿತು. ಅಪ್ಪನಿಗೆ ಅರಳುಮರಳು ಶುರುವಾಯಿತೆಂದು ಮಗಳು ಅತ್ತರು. ಕೊನೆಗೊಂದು ರಾತ್ರಿ ಬಚ್ಚಲಿಗೆ ಹೋಗಲು ಎದ್ದವರು ಬಿದ್ದು ಮಣಿಕಟ್ಟು ಮುರಿದುಕೊಂಡರು. ಸೊಂಟದ ಮೂಳೆ ಮುರಿಯದಿದ್ದದ್ದು ಅವರ ಪುಣ್ಯ.

ಕೈಗೆ ಪಟ್ಟಿ ಹಾಕಿಕೊಂಡು ನೋಟುಬುಕ್ಕಿನ ಸಮೇತ ಬಂದರು. ಓದಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ‘ಮೇಷ್ಟ್ರೇ, ಜೂನ್ ತಿಂಗಳಲ್ಲಿ ಶಾಲೆಗೆ ಸೇರಿದ ಹುಡುಗನಿಗೆ ಅದೇ ವಾರ ವಾರ್ಷಿಕ ಪರೀಕ್ಷೆ ಮಾಡುತ್ತಿದ್ದಿರಾ’ ಎಂದು ಕೇಳಿದೆ. ಅವರು ಮಾತನಾಡಲಿಲ್ಲ. ಸರ್ಟ್ರಲೀನನ್ನು ಮತ್ತೆ ಶುರು ಮಾಡಿದೆವು. ಕ್ಲೋನಜೆಪಾಮನ್ನು ಇಷ್ಟಿಷ್ಟೇ ಇಳಿಸುತ್ತಾ ಬಂದೆವು. ಅದಕ್ಕೇ ತಿಂಗಳುಗಳು ಹಿಡಿದವು. ಇಲ್ಲಿ ದಯವಿಟ್ಟು ಗಮನ ಕೊಡಿ. ಬಹುಕಾಲದಿಂದ ಅವಸರದ ಮಾತ್ರೆ ನುಂಗುತ್ತಿರುವವರು, ಈ ಭಾಷಣ ಕೇಳಿ ಇವತ್ತು ರಾತ್ರಿಯೇ ಅದನ್ನು ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ನಡುಕ, ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ವೈದ್ಯರು ಹೇಳಿದ ಲೆಕ್ಕದಲ್ಲೇ ಇಳಿಸಬೇಕು.

ಐದಾರು ವಾರಗಳಾದ ಮೇಲೆ ಮಗಳ ಫೋನು ಬಂತು. ಪತ್ರಿಕೆಯಲ್ಲಿ ಒಂದು ಕಾಗುಣಿತದ ತಪ್ಪು ಕಂಡು ಅಪ್ಪ ಕೆಂಪು ಪೆನ್ನು ಹಿಡಿದು ಸಂಪಾದಕರನ್ನು ಬೈಯುತ್ತಾ ಕೂತಿದ್ದಾರೆ ಎಂದರು. ನನಗೆ ಬಹಳ ಸಂತೋಷವಾಯಿತು. ಮೇಷ್ಟರನ್ನು ಕೇಳಿದರೆ ಮಾತ್ರ, ‘ವಿಶೇಷವೇನೂ ಇಲ್ಲ’ ಎಂದರು. ಗುಣವಾಗುವುದು ಮನೆಯವರ ಕಣ್ಣಿಗೆ ಮೊದಲು ಬೀಳುತ್ತದೆ, ರೋಗಿಗೆ ಆಮೇಲೆ. ನೋಟುಬುಕ್ಕಿನಲ್ಲಿ ಕೊನೆಗೆ ಹತ್ತಕ್ಕೆ ಆರು ಬಿತ್ತು. ‘ಪಾಸಾಯಿತಲ್ಲ, ಇನ್ನು ನಿಲ್ಲಿಸಬಹುದಲ್ಲ’ ಎಂದು ಕೇಳಿದರು!

ನಿಲ್ಲಿಸಬಾರದು. ಗುಣವಾದ ಮೇಲೂ ಕನಿಷ್ಠ 6 ತಿಂಗಳು, ವಯಸ್ಸಾದವರಲ್ಲಿ ಸಾಮಾನ್ಯವಾಗಿ ಒಂದು ವರ್ಷವಾದರೂ ನಿಧಾನದ ಮಾತ್ರೆ ಮುಂದುವರಿಯಬೇಕು. ಬೇಗ ಬಿಟ್ಟರೆ ಕಾಯಿಲೆ ಮರಳುತ್ತದೆ. ಇದಕ್ಕೆ ಚಟವಾಗುತ್ತದೆ ಎಂದು ಹೆದರುತ್ತೀರಿ. ಚಟ ಹಿಡಿಸುವುದು ಅವಸರದ್ದು, ಅದನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ. ನಿಧಾನದ್ದನ್ನೂ ಥಟ್ಟನೆ ಬಿಟ್ಟರೆ ತಲೆಸುತ್ತು ಬರುತ್ತದೆ ನಿಜ, ಅದನ್ನೂ ಹಂತಹಂತವಾಗಿಯೇ ಬಿಡಿಸುತ್ತೇವೆ.

ಕತೆಯೇ ಸಮಯ ತಿಂದುಬಿಟ್ಟಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ನಿಧಾನದ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಕೆಲವು ಹಿರಿಯರ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಸುಸ್ತು, ತಲೆನೋವು, ಗೊಂದಲ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ, ಒಂದು ರಕ್ತಪರೀಕ್ಷೆ ಸಾಕು. ಆಸ್ಪಿರಿನ್ ಅಥವಾ ಮಂಡಿನೋವಿನ ಮಾತ್ರೆ ಜೊತೆಗಿದ್ದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯವಿದೆ, ಅದನ್ನೂ ಮುಚ್ಚಿಡಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಸುರಿದುಕೊಂಡು ಬನ್ನಿ, ನಾವೇ ಆರಿಸುತ್ತೇವೆ. ಪಕ್ಕದ ಮನೆಯವರ ಮಾತ್ರೆಯನ್ನು ಮುಟ್ಟಲೇಬೇಡಿ.

ಮಕ್ಕಳಿಗೆ ಒಂದು ಮಾತು. ‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ’ ಎನ್ನಬೇಡಿ. ಆ ಮಾತು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಅಪ್ಪನೋ ಅಮ್ಮನೋ ‘ಇನ್ನು ಬದುಕಿ ಏನು ಪ್ರಯೋಜನ’ ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತ್ರೆ ಶುರುವಾಗಿದ್ದರೆ, ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆರು ವಾರ ಮುಂದೆ ಎಣಿಸಿ ಇನ್ನೊಂದು ಗುರುತು ಹಾಕಿ. ಅದಕ್ಕೆ ಮೊದಲು ಅಂಕ ಕೊಡುವುದು ಬೇಡ. ನಮಸ್ಕಾರ.