ಓಡಿಹೋದವರ ಕಥೆಯನ್ನು ಮಕ್ಕಳಿಗೆ ಹೇಳುವಾಗ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಮುಖ್ಯವಾಗಿ ನನ್ನಂತೆ ಸಮಾಜ ವಿಜ್ಞಾನ ಪಾಠ ಮಾಡುವವರಿಗೆ. ಮನೆಯಲ್ಲಿ ಹೈಸ್ಕೂಲು ಮಕ್ಕಳಿರುವವರೂ ಕೇಳಿ.

ಅಮೆರಿಕದ ಗುಲಾಮಗಿರಿ ಅಂದ ಕೂಡಲೇ ಮಕ್ಕಳು ಲಿಂಕನ್ ಹೆಸರು ಹೇಳುತ್ತಾರೆ. ಅವರು ಬಿಡುಗಡೆ ಕೊಟ್ಟರು, ಇವರಿಗೆ ಸಿಕ್ಕಿತು, ಪಾಠ ಮುಗಿಯಿತು. ಆದರೆ ಲಿಂಕನ್ ಅಧ್ಯಕ್ಷರಾಗುವ ಎಷ್ಟೋ ವರ್ಷ ಮೊದಲೇ, ಯಾರ ಅಪ್ಪಣೆಗೂ ಕಾಯದೆ ರಾತ್ರೋರಾತ್ರಿ, ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳ ಕಡೆ ಹೊರಟುಬಿಟ್ಟ ಸಾವಿರಾರು ಜನ ಇದ್ದರಲ್ವಾ? ಪಾಠ ಅವರಿಂದ ಶುರುವಾಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನಾನು ಒಂದು ಪತ್ರಿಕಾ ಜಾಹೀರಾತಿನಿಂದ ಶುರು ಮಾಡುತ್ತೇನೆ. ತಾರೀಖು 1849ರ ಅಕ್ಟೋಬರ್ 3. ಮೇರಿಲ್ಯಾಂಡ್ ರಾಜ್ಯದ ಡಾರ್ಚೆಸ್ಟರ್ ಕೌಂಟಿಯ ಎಲೈಜಾ ಬ್ರೋಡೆಸ್ ಎಂಬ ವಿಧವೆ ಕೊಟ್ಟದ್ದು. ಮೂವರು ಓಡಿಹೋಗಿದ್ದಾರೆ, ರಾಜ್ಯದ ಹೊರಗೆ ಹಿಡಿದುಕೊಟ್ಟರೆ ತಲೆಗೆ ನೂರು ಡಾಲರ್, ಒಳಗೇ ಸಿಕ್ಕರೆ ಐವತ್ತು. ಮೂವರಲ್ಲಿ ಒಬ್ಬಳು ಮಿಂಟಿ. ವಯಸ್ಸು ಸುಮಾರು 27, ಕಂದು ಮೈಬಣ್ಣ, ನೋಡಲು ಚೆನ್ನಾಗಿದ್ದಾಳೆ, ಎತ್ತರ 5 ಅಡಿ. ಜಾತ್ರೆಯಲ್ಲಿ ದನದ ಗುಣ ಹೇಳಿದ ಹಾಗಿದೆ. ಈ ಮಿಂಟಿಯೇ ಮುಂದೆ ಜಗತ್ತಿಗೆ ಗೊತ್ತಾದ ಹ್ಯಾರಿಯೆಟ್ ಟಬ್ಮನ್. ಆ ಹೆಸರನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. ಇದನ್ನು ಯಾರು ಬರೆದರು, ಏನನ್ನು ಬಿಟ್ಟರು, ಇವಳು ಯಾಕೆ ಓಡಿರಬಹುದು ಅಂತ ಕೇಳಿ. ಯಜಮಾನ ಅದೇ ವರ್ಷ ಸತ್ತಿದ್ದ. ಸಾಲ ಇತ್ತು. ಸಾಲ ತೀರಿಸಲು ಆಳುಗಳನ್ನು ಮಾರುತ್ತಾರೆ ಅಂತ ಅವಳಿಗೆ ಗೊತ್ತಿತ್ತು, ಯಾಕೆಂದರೆ ಅವಳ ಅಕ್ಕಂದಿರನ್ನು ಮೊದಲೇ ಮಾರಿ ದೂರ ಕಳಿಸಿಬಿಟ್ಟಿದ್ದರು. ಜಾಹೀರಾತಿನಲ್ಲಿ ಇದ್ಯಾವುದೂ ಇಲ್ಲ.

ಜೊತೆಗಿದ್ದ ಇಬ್ಬರು ತಮ್ಮಂದಿರು ಹೆದರಿ ವಾಪಸ್ಸಾದರು, ಅವಳನ್ನೂ ಎಳೆದುಕೊಂಡು ಬಂದರು. ಸ್ವಲ್ಪ ದಿನ ಬಿಟ್ಟು ಅವಳು ಒಬ್ಬಳೇ ಹೊರಟು ಉತ್ತರದ ಫಿಲಡೆಲ್ಫಿಯಾ ನಗರ ಸೇರಿದಳು. ಓದು ಬರಹ ಬಾರದ ಹೆಂಗಸು. ಆದರೆ ಅಪ್ಪನ ಜೊತೆ ಮರ ಕಡಿಯುವ ಕೆಲಸ ಮಾಡಿ ಕಾಡು ಗೊತ್ತಿತ್ತು, ಜೌಗು ನೆಲ ಗೊತ್ತಿತ್ತು, ನಕ್ಷತ್ರ ನೋಡಿ ದಿಕ್ಕು ಹಿಡಿಯುವುದು ಗೊತ್ತಿತ್ತು. ಆಮೇಲೆ ಅಡುಗೆ ಕೆಲಸ, ಮನೆಕೆಲಸ ಮಾಡಿ ಕೂಡಿಟ್ಟ ದುಡ್ಡಿನಲ್ಲಿ ಮತ್ತೆ ಅದೇ ಮೇರಿಲ್ಯಾಂಡಿಗೆ ಸುಮಾರು 13 ಸಲ ಹೋಗಿ, ತನ್ನ ತಂದೆ ತಾಯಿ, ತಮ್ಮಂದಿರು ಸೇರಿ ಹತ್ತಿರ ಹತ್ತಿರ 70 ಜನರನ್ನು ಕರೆತಂದಳು. ರಾತ್ರಿ ದೊಡ್ಡದಿರುವ ಚಳಿಗಾಲದಲ್ಲಿ ಹೆಚ್ಚಾಗಿ ಹೋಗುತ್ತಿದ್ದಳು. ಕೆಲವು ಕಡೆ 300 ಜನ ಅಂತ ಬರೆದಿರುತ್ತದೆ, ಅದು ಉಬ್ಬಿಸಿದ ಲೆಕ್ಕ. 70 ಸಾಕು.

ಹೀಗೆ ಓಡುವವರಿಗೆ ಊಟ, ದುಡ್ಡು, ಅಡಗಲು ಜಾಗ ಕೊಡುತ್ತಿದ್ದ ಗುಟ್ಟಿನ ಜಾಲಕ್ಕೆ ಅಂಡರ್‌ಗ್ರೌಂಡ್ ರೈಲ್‌ರೋಡ್ ಅಂತ ಹೆಸರು. ಹಳಿ, ಸುರಂಗ ಏನೂ ಇರಲಿಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಫಿಲಡೆಲ್ಫಿಯಾದಲ್ಲಿ ವಿಲಿಯಂ ಸ್ಟಿಲ್ ಎಂಬ ಕಪ್ಪು ಜನಾಂಗದ ಗುಮಾಸ್ತರು ಬಂದವರೆಲ್ಲರ ವಿವರ ಬರೆದು ಗುಟ್ಟಾಗಿ ಇಡುತ್ತಿದ್ದರು. ಒಂದು ದಿನ ಬಂದ ಅಪರಿಚಿತನ ಊರು, ಅಪ್ಪ ಅಮ್ಮನ ಹೆಸರು ಕೇಳುತ್ತಾ ಹೋದರೆ, ಆತ ಸ್ಟಿಲ್ ಹುಟ್ಟುವ ಮೊದಲೇ ದೂರವಾಗಿದ್ದ ಅವರ ಸ್ವಂತ ಅಣ್ಣ ಪೀಟರ್! 1850ರಲ್ಲಿ ಓಡಿಹೋದವರನ್ನು ಹಿಡಿಯುವ ಕಾನೂನು ಬಿಗಿಯಾಯಿತು, ಉತ್ತರದ ರಾಜ್ಯಗಳಲ್ಲೂ ಹಿಡಿದು ವಾಪಸ್ ಕಳಿಸಬಹುದಿತ್ತು. ಆಗ ಓಟ ಕೆನಡಾದವರೆಗೂ ಉದ್ದವಾಯಿತು.

ಮಕ್ಕಳು ಕಣ್ಣರಳಿಸಿ ಕೇಳುವುದು ಎಲೆನ್ ಮತ್ತು ವಿಲಿಯಂ ಕ್ರಾಫ್ಟ್ ದಂಪತಿಯ ಕಥೆ. ಜಾರ್ಜಿಯಾದ ಮೇಕನ್ ಊರು, 1848ರ ಡಿಸೆಂಬರ್. ಎಲೆನ್‌ಳ ಅಪ್ಪನೇ ಬಿಳಿಯ ಯಜಮಾನ, ಹಾಗಾಗಿ ಅವಳು ನೋಡಲು ಬಿಳಿಯವಳಂತೆಯೇ ಇದ್ದಳು. ಬಿಳಿ ಹೆಂಗಸು ಗುಲಾಮ ಗಂಡಾಳಿನ ಜೊತೆ ಪ್ರಯಾಣ ಮಾಡಿದರೆ ಜನ ಅನುಮಾನ ಪಡುತ್ತಾರೆ. ಅದಕ್ಕೆ ಕೂದಲು ಕತ್ತರಿಸಿ, ಟೋಪಿ, ಕನ್ನಡಕ ಹಾಕಿ ಕಾಯಿಲೆಯ ಸಾಹುಕಾರನಾದಳು. ಗಂಡ ಸಾಹುಕಾರನ ಆಳು. ಹೋಟೆಲಿನಲ್ಲಿ ಸಹಿ ಹಾಕಬೇಕು, ಬರೆಯಲು ಬರುವುದಿಲ್ಲ, ಹಾಗಾಗಿ ಬಲಗೈ ಜೋಳಿಗೆ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡಳು. ಗಡ್ಡ ಇಲ್ಲದ್ದು ಕಾಣಬಾರದು ಅಂತ ಮುಖಕ್ಕೂ ಪಟ್ಟಿ. ರೈಲಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವನು ಯಜಮಾನನ ಪರಿಚಯದವನೇ, ಅವಳನ್ನು ಚಿಕ್ಕಂದಿನಿಂದ ಕಂಡವನು! ಅವನು ಮಾತಾಡಿಸಿದಾಗ ಎಲೆನ್ ಕಿವುಡನಂತೆ ಸುಮ್ನೆ ಕಿಟಕಿ ಕಡೆ ನೋಡಿದಳು. ರೈಲು, ಹಡಗು, ಮತ್ತೆ ರೈಲು. ಕ್ರಿಸ್ಮಸ್ ದಿನ ಬೆಳಗ್ಗೆ ಫಿಲಡೆಲ್ಫಿಯಾ ತಲುಪಿದರು. ಈ ಒಂದೊಂದು ಏರ್ಪಾಡಿಗೂ ಕಾರಣ ಏನಿರಬಹುದು ಅಂತ ಮಕ್ಕಳಿಂದಲೇ ಹೇಳಿಸಿ, ತರಗತಿ ತಾನಾಗಿ ನಡೆಯುತ್ತದೆ.

ಆಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. 'ಹಾಗಾದರೆ ಎಲ್ಲರೂ ಯಾಕೆ ಓಡಿಹೋಗಲಿಲ್ಲ?' ದಯವಿಟ್ಟು ಇದನ್ನು ತಳ್ಳಿಹಾಕಬೇಡಿ. 1860ರಲ್ಲಿ ಅಲ್ಲಿ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು, ಪಾರಾದವರು ಅದರಲ್ಲಿ ತೀರಾ ಕಡಿಮೆ. ಅದೇ ವರ್ಷ ಟಬ್ಮನ್ ತನ್ನ ತಂಗಿ ರೇಚಲ್‌ಳನ್ನು ಕರೆತರಲು ಹೋದಳು. ತಂಗಿ ಅಷ್ಟರಲ್ಲಿ ಸತ್ತಿದ್ದಳು. ತಂಗಿಯ ಇಬ್ಬರು ಮಕ್ಕಳನ್ನಾದರೂ ಬಿಡಿಸಲು 30 ಡಾಲರ್ ಲಂಚ ಬೇಕಿತ್ತು. ಅವಳ ಹತ್ತಿರ ಇರಲಿಲ್ಲ, ಮಕ್ಕಳು ಅಲ್ಲೇ ಉಳಿದರು. ಉತ್ತರ ಕ್ಯಾರೊಲೈನಾದ ಹ್ಯಾರಿಯೆಟ್ ಜೇಕಬ್ಸ್ ತನ್ನ ಮಕ್ಕಳಿರುವ ಊರು ಬಿಡಲಾರದೆ, ಅಜ್ಜಿಯ ಮನೆಯ ಮಾಡಿನ ಕೆಳಗೆ ನೆಟ್ಟಗೆ ನಿಲ್ಲಲೂ ಆಗದ ಸಂದಿಯಲ್ಲಿ ಹತ್ತಿರ ಹತ್ತಿರ ಏಳು ವರ್ಷ ಅಡಗಿದ್ದಳು. ಮಕ್ಕಳನ್ನು, ವಯಸ್ಸಾದ ತಾಯಿಯನ್ನು ಬಿಟ್ಟು ಓಡುವುದು ಹೇಗೆ? ಉಳಿದವರಿಗೆ ಧೈರ್ಯ ಕಡಿಮೆ ಇತ್ತು ಅಂತ ಯಾವ ಮಗುವೂ ತಿಳಿದುಕೊಂಡು ಮನೆಗೆ ಹೋಗಬಾರದು.

ಇದನ್ನು ಆಟ ಮಾಡಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅರ್ಧ ತರಗತಿ ಗುಲಾಮರು, ಇನ್ನರ್ಧ ಹಿಡಿಯುವವರು, ಮೈದಾನದಲ್ಲಿ ಓಟ... ಮಕ್ಕಳಿಗೆ ಖುಷಿಯಾಗುತ್ತದೆ, ಅದೇ ತೊಂದರೆ. ಹಾಗೆಯೇ ಕೌದಿಯ ಚಿತ್ರಗಳಲ್ಲಿ ಗುಟ್ಟಿನ ಸಂಕೇತ ಹೊಲೆಯುತ್ತಿದ್ದರು ಎಂಬ ಕಥೆ ತುಂಬಾ ಓಡಾಡುತ್ತದೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ, ಬಿಟ್ಟುಬಿಡಿ.

ಇನ್ನೊಂದು ವಿಷಯ ನಮ್ಮ ರಾಜ್ಯದ್ದೇ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನರ ಹಿರಿಯರಲ್ಲಿ ಅನೇಕರು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ಪತ್ರಿಕೆಗಳಲ್ಲಿ ಬಂದಿತ್ತು, ನಿಮಗೆ ನೆನಪಿರಬಹುದು. ನಿಮ್ಮ ತರಗತಿಯಲ್ಲಿ ಸಿದ್ದಿ ಮಗು ಇದ್ದರೆ ಎಬ್ಬಿಸಿ ನಿಲ್ಲಿಸಿ 'ನಿಮ್ಮವರ ಕಥೆ ಹೇಳು' ಅನ್ನಬೇಡಿ. ಆ ಮಗು ಎಲ್ಲರಂತೆ ಕೂತು ಪಾಠ ಕೇಳಲಿ, ಮನಸ್ಸಾದರೆ ತಾನೇ ಮಾತಾಡುತ್ತದೆ. ಎಲ್ಲ ಮಕ್ಕಳ ಕೈಗೂ ಎರಡು ನಕ್ಷೆ ಕೊಡಿ. ಒಂದರಲ್ಲಿ ಡಾರ್ಚೆಸ್ಟರ್‌ನಿಂದ ಫಿಲಡೆಲ್ಫಿಯಾ, ಅಲ್ಲಿಂದ ಕೆನಡಾ. ಇನ್ನೊಂದರಲ್ಲಿ ಆಫ್ರಿಕಾದ ಪೂರ್ವ ಕರಾವಳಿಯಿಂದ ಗೋವೆ, ಅಲ್ಲಿಂದ ಘಟ್ಟ ಹತ್ತಿ ಯಲ್ಲಾಪುರ. ಗೆರೆ ಅವರೇ ಎಳೆಯಲಿ. ಒಂದು ಪೀರಿಯಡ್ ಇದಕ್ಕೆ ಸಾಲುವುದಿಲ್ಲ, ಎರಡು ಇಟ್ಟುಕೊಳ್ಳಿ. ನಮಸ್ಕಾರ.